ನಟನ ಕಾಯಕ: ವಿಕ್ರಾಂತ್ ಮಾಸ್ಸಿಯವರ ಎರಡು ಪಾತ್ರಗಳು

ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ಬಹುರೂಪಿ ಚೌಡಯ್ಯನೆಂಬ ವಚನಕಾರನೊಬ್ಬನಿದ್ದ. ವೇಷ ಕಟ್ಟಿ ಜನರ ಮುಂದೆ ಆಡುವುದೇ ಅವನ ಕಾಯಕ. ನೇಯುವವನ ಮಗ್ಗ, ದೋಣಿ ನಡೆಸುವವನ ಹುಟ್ಟು, ಕಾಯಕದ ಸಾಧನಗಳಾಗಿ ಹೇಗೆ ಪೂಜ್ಯವಾದವೋ ಹಾಗೆಯೇ ಚೌಡಯ್ಯನ ವೇಷವೂ ಪೂಜ್ಯವಾಯಿತು. ಹೊಟ್ಟೆಪಾಡಿಗಾಗಿ ಧರಿಸಿದ ರೂಪಗಳೇ ಅವನಿಗೆ ರೂಪಾತೀತವನ್ನು ಕಾಣುವ ದಾರಿಯಾದವು. ಕಾಯಕಗಳಲ್ಲಿ ಮೇಲು ಕೀಳೆಂಬುದಿಲ್ಲ, ಮಾಡುವವನ ನಿಷ್ಠೆಯಲ್ಲಿ ಮಾತ್ರ ತಾರತಮ್ಯವುಂಟು ಎಂಬ ಆ ಕಾಲದ ಸಮದೃಷ್ಟಿಯನ್ನು ನಾವು ಭಾಷಣಗಳಲ್ಲಿ ಉಳಿಸಿಕೊಂಡೆವು. ಬದುಕಿನಲ್ಲಿ ಉಳಿಸಿಕೊಂಡೆವೆಂದು ಹೇಳಲಾರೆವು. ಇಂದು ನಟರಲ್ಲಿಯೇ ಒಂದು ವರ್ಣವ್ಯವಸ್ಥೆ ಏರ್ಪಟ್ಟಿದೆ. ರಂಗಭೂಮಿಯ ನಟ ತಪಸ್ವಿ. ಚಲನಚಿತ್ರದ ನಟ ದೇವತೆ. ದೂರದರ್ಶನದ ಧಾರಾವಾಹಿಯ ನಟನಾದರೋ ಸಂಜೆಯ ಅಡುಗೆಮನೆಯ ಸದ್ದಿನೊಡನೆ ಬೆರೆತುಹೋಗುವ ಒಂದು ಸದ್ದು ಮಾತ್ರ. ‘ಧಾರಾವಾಹಿಯಂತೆ ನಟಿಸಿದ’ ಎಂಬುದು ವಿಮರ್ಶೆಯ ಭಾಷೆಯಲ್ಲಿ ಬೈಗುಳವಾಗಿಬಿಟ್ಟಿದೆ.

2025ರ ಆಗಸ್ಟ್ ತಿಂಗಳ ಮೊದಲನೆಯ ದಿನ 71ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದವು. 2023ರ ಶ್ರೇಷ್ಠ ನಟ ಪ್ರಶಸ್ತಿಯನ್ನು ಶಾರುಖ್ ಖಾನ್ ಅವರೊಡನೆ ಹಂಚಿಕೊಂಡವರು ವಿಕ್ರಾಂತ್ ಮಾಸ್ಸಿ. ಅವರು ಅಭಿನಯಿಸಿದ ‘ಟ್ವೆಲ್ತ್ ಫೇಲ್’ ಎಂಬ ಹಿಂದಿ ಚಿತ್ರ ಶ್ರೇಷ್ಠ ಕಥಾಚಿತ್ರವೆನಿಸಿತು. ಮಾಸ್ಸಿಯವರು ಹಲವು ವರ್ಷಗಳ ಕಾಲ ಧಾರಾವಾಹಿಗಳಲ್ಲಿ ದುಡಿದು ಬಂದವರು. ಆದುದರಿಂದ, ಧಾರಾವಾಹಿಯಿಂದ ಬಂದವನಾದರೂ ಎಂಥ ನಟ ನೋಡಿ ಎಂಬ ಉದ್ಗಾರ ಸಹಜವಾಗಿಯೇ ಕೇಳಿಬರುತ್ತದೆ. ಈ ‘ಆದರೂ’ ಎಂಬ ಮಾತನ್ನು ನಾವು ಸ್ವಲ್ಪ ನಿಂತು ಪರಿಶೀಲಿಸಬೇಕಾಗಿದೆ. ನಟನೊಬ್ಬ ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಬಂದಾಗ ಅವನು ಬಿಟ್ಟು ಬಂದುದೇನು, ಹೊತ್ತು ತಂದುದೇನು ಎಂಬುದು ಮುಖ್ಯವಾದ ಪ್ರಶ್ನೆ.

ಮೊದಲು ಧಾರಾವಾಹಿಯ ಸ್ವರೂಪವನ್ನು ನೋಡೋಣ. ಮಾಸ್ಸಿಯವರು ಹುಟ್ಟಿದ್ದು 1987ರಲ್ಲಿ, ಮುಂಬಯಿಯಲ್ಲಿ. 2007ರ ‘ಧೂಮ್ ಮಚಾವೋ ಧೂಮ್’, 2008ರ ‘ಧರಮ್ ವೀರ್’ ಮೊದಲಾದವುಗಳಲ್ಲಿ ಪಾತ್ರ ವಹಿಸಿದ ಬಳಿಕ ಅವರು ಮನೆಮಾತಾದದ್ದು ‘ಬಾಲಿಕಾ ವಧು’ ಧಾರಾವಾಹಿಯಿಂದ. ರಾಜಸ್ಥಾನದ ಬಾಲ್ಯವಿವಾಹವನ್ನು ವಸ್ತುವಾಗಿ ಉಳ್ಳ ಈ ಕಥೆ 2008ರಲ್ಲಿ ಆರಂಭವಾಗಿ 2016ರವರೆಗೆ ಎರಡು ಸಾವಿರಕ್ಕೂ ಮಿಕ್ಕ ಕಂತುಗಳಲ್ಲಿ ನಡೆಯಿತು. ಕನ್ನಡದಲ್ಲಿ ಇದೇ ಕಥೆ ‘ಪುಟ್ಟಗೌರಿ ಮದುವೆ’ಯಾಗಿ ಬಂದುದು ವಾಚಕರಿಗೆ ತಿಳಿದೇ ಇದೆ. ಇದರಲ್ಲಿ ಮಾಸ್ಸಿಯವರದು ಶ್ಯಾಮ್ ಎಂಬ ಪಾತ್ರ. ಬಾಲ್ಯದಲ್ಲಿಯೇ ಮದುವೆಯಾಗಿ ವಿಧವೆಯಾದ ಸುಗ್ನಾ ಎಂಬ ಹೆಣ್ಣುಮಗಳ ಕೈಹಿಡಿಯುವ ಯುವಕನೀತ. ವಿಧವೆಗೆ ಮರಳಿ ಬಾಳು ಕೊಡುವುದು ಸಹಜ ಧರ್ಮವೆಂಬಂತೆ, ಯಾವ ಆಡಂಬರವೂ ಇಲ್ಲದೆ ನಡೆದುಕೊಳ್ಳುವ ಆ ಯುವಕನನ್ನು ಲಕ್ಷಾಂತರ ಮನೆಗಳಲ್ಲಿ ತಾಯಂದಿರು ತಮ್ಮ ಅಳಿಯನೆಂಬಂತೆ ಕಂಡರು. ಇದನ್ನು ಸಣ್ಣದೆಂದು ತಳ್ಳಿಹಾಕುವುದು ಉಚಿತವಲ್ಲ. ಯಾವ ಗ್ರಂಥವನ್ನೂ ಓದದ, ಯಾವ ಉಪನ್ಯಾಸಕ್ಕೂ ಹೋಗದ ಮನೆಗಳ ಒಳಗೆ ಈ ಕಥೆ ಹೋಗಿತ್ತು. ನಮ್ಮಲ್ಲಿಯೂ ಟಿ. ಎನ್. ಸೀತಾರಾಮ್ ಮೊದಲಾದವರು ನಿರ್ದೇಶಿಸಿದ ‘ಮಾಯಾಮೃಗ’ದಂಥ ಕೃತಿಗಳು ಧಾರಾವಾಹಿಯೂ ಗಂಭೀರವಾಗಿರಬಲ್ಲುದೆಂಬುದನ್ನು ತೋರಿಸಿಕೊಟ್ಟಿವೆ.

ಆದರೂ ಧಾರಾವಾಹಿಯ ಕಟ್ಟಡದಲ್ಲಿಯೇ ಒಂದು ದೋಷವಿದೆ. ಕಥೆಗೆ ಅಂತ್ಯವಿಲ್ಲ, ನೋಡುವವರು ಇರುವವರೆಗೆ ಅದನ್ನು ಎಳೆಯಲೇಬೇಕು. ಅಂತ್ಯವಿಲ್ಲದ ಕಥೆಯಲ್ಲಿ ಪಾತ್ರಕ್ಕೆ ಆಕಾರ ಒದಗುವುದಿಲ್ಲ. ಒಬ್ಬ ಮನುಷ್ಯ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿದನೆಂಬುದು ತಿಳಿಯದೆ ಅವನ ನಡುವಿನ ಹೆಜ್ಜೆಗಳನ್ನು ನಟ ಹೇಗೆ ಇಟ್ಟಾನು? ಇಂದು ಚಿತ್ರೀಕರಣವಾದುದು ಕೆಲವೇ ದಿನಗಳಲ್ಲಿ ಪ್ರಸಾರವಾಗಬೇಕು. ಮಾತುಗಳ ಹಾಳೆ ಬೆಳಿಗ್ಗೆ ಕೈಸೇರುತ್ತದೆ, ಸಂಜೆಯೊಳಗೆ ಅಭಿನಯ ಮುಗಿದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೋಡುವವರು ನೆಟ್ಟ ದೃಷ್ಟಿಯಿಂದ ನೋಡುತ್ತಿಲ್ಲ. ಸೊಪ್ಪು ಸೋಸುತ್ತ, ಮಗುವಿಗೆ ಉಣಿಸುತ್ತ, ಅತ್ತಿತ್ತ ಓಡಾಡುತ್ತ ನೋಡುತ್ತಾರೆ. ಆದುದರಿಂದ ಪ್ರತಿಯೊಂದು ಭಾವವನ್ನೂ ಮೂರು ಸಲ ಹೇಳಬೇಕಾಗುತ್ತದೆ: ಮಾತಿನಿಂದ ಒಮ್ಮೆ, ಮುಖದಿಂದ ಒಮ್ಮೆ, ಗುಡುಗಿನಂಥ ಸಂಗೀತದಿಂದ ಮತ್ತೊಮ್ಮೆ. ದುಃಖವೆಂದರೆ ಕಣ್ಣೀರು, ಕೋಪವೆಂದರೆ ಅಗಲಿಸಿದ ಕಣ್ಣು. ಇದು ನಟನ ಅಜ್ಞಾನವಲ್ಲ, ಆ ಉದ್ಯೋಗದ ಅನಿವಾರ್ಯತೆ. ಆದರೆ ಹತ್ತಾರು ವರ್ಷ ಹೀಗೆಯೇ ನಡೆದರೆ ಅನಿವಾರ್ಯತೆ ಅಭ್ಯಾಸವಾಗುತ್ತದೆ, ಅಭ್ಯಾಸವೇ ಮುಖವಾಗುತ್ತದೆ. ಆಮೇಲೆ ಆ ಮುಖವನ್ನು ತೊಳೆದುಕೊಳ್ಳುವುದು ಸುಲಭವಲ್ಲ.

ಮಾಸ್ಸಿಯವರು ಧಾರಾವಾಹಿಯ ನಿಶ್ಚಿತ ವರಮಾನವನ್ನು ಬಿಟ್ಟು ಚಲನಚಿತ್ರದಲ್ಲಿ ಸಣ್ಣ ಪಾತ್ರಗಳಿಂದ ಮತ್ತೆ ಆರಂಭಿಸಿದರು. 2013ರ ‘ಲೂಟೇರಾ’ದಲ್ಲಿ ನಾಯಕನ ಗೆಳೆಯ, 2015ರ ‘ದಿಲ್ ಧಡಕ್ನೇ ದೋ’ದಲ್ಲಿ ಮತ್ತೊಂದು ಕಿರುಪಾತ್ರ. ಮನೆಮನೆಯಲ್ಲಿ ಗುರುತಿದ್ದ ಮುಖ ಇಲ್ಲಿ ನಾಯಕನ ಹಿಂದೆ ನಿಂತಿತು. ಈ ಹಿಂದೆ ನಿಲ್ಲುವ ವರ್ಷಗಳು ವ್ಯರ್ಥವಾಗಲಿಲ್ಲವೆಂಬುದಕ್ಕೆ ಸಾಕ್ಷಿ ಕೊಂಕಣಾ ಸೇನ್ ಶರ್ಮಾ ಅವರು ನಿರ್ದೇಶಿಸಿದ ಮೊದಲ ಕಥಾಚಿತ್ರ, ‘ಎ ಡೆತ್ ಇನ್ ದ ಗಂಜ್’. 2016ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಗಿ 2017ರಲ್ಲಿ ನಮ್ಮ ದೇಶದಲ್ಲಿ ತೆರೆಕಂಡ ಈ ಚಿತ್ರವನ್ನು ಕಂಡವರು ಹೆಚ್ಚಿಲ್ಲ. ‘ಟ್ವೆಲ್ತ್ ಫೇಲ್’ ಚಿತ್ರವನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕಾದರೆ ಇದನ್ನು ಮೊದಲು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಕಥೆ 1979ರ ಕಾಲದ್ದು. ಈಗಿನ ಝಾರ್ಖಂಡಿನ ಮೆಕ್‌ಕ್ಲಸ್ಕಿಗಂಜ್ ಎಂಬ ಊರಿನ ಹಳೆಯ ಬಂಗಲೆಗೆ ಒಂದು ಕುಟುಂಬ ಬಂಧುಮಿತ್ರರೊಡನೆ ರಜೆ ಕಳೆಯಲು ಬಂದಿದೆ. ಆ ಗುಂಪಿನಲ್ಲಿ ಶುಟು ಎಂಬ ವಿದ್ಯಾರ್ಥಿ. ಇತ್ತೀಚೆಗೆ ತಂದೆಯನ್ನು ಕಳೆದುಕೊಂಡವನು. ಮೃದು ಸ್ವಭಾವದವನು, ಸಣ್ಣ ದನಿಯವನು. ಆ ಮನೆಯಲ್ಲಿ ಯಾರೂ ದುಷ್ಟರಲ್ಲ. ಯಾರಿಗೂ ಅವನ ಮೇಲೆ ದ್ವೇಷವಿಲ್ಲ. ಅವನನ್ನು ಕೆಲಸಕ್ಕೆ ಓಡಿಸುತ್ತಾರೆ, ಪ್ರೇತವನ್ನು ಕರೆಯುವ ಆಟವಾಡಿ ಹೆದರಿಸಿ ನಗುತ್ತಾರೆ, ಕಬಡ್ಡಿಯಲ್ಲಿ ಕೆಡವಿ ಗಾಯಗೊಳಿಸುತ್ತಾರೆ. ಅವನೊಡನೆ ಸಮಾನವಾಗಿ ಮಾತಾಡುವುದು ಆ ಮನೆಯ ಪುಟ್ಟ ಹುಡುಗಿ ತಾನಿ ಮಾತ್ರ. ಒಂದು ಸಂಜೆ ಮಗು ಕಾಣದಾಗುತ್ತದೆ. ಹುಡುಕಲು ಹೋದ ಶುಟು ಕಾಡಿನ ಹಳ್ಳದಲ್ಲಿ ಬೀಳುತ್ತಾನೆ. ಮಗು ಸಿಕ್ಕ ಸಂತೋಷದಲ್ಲಿ ಎಲ್ಲರೂ ಅವನನ್ನು ಮರೆಯುತ್ತಾರೆ. ಕೊನೆಗೆ ಎಲ್ಲರ ಕಣ್ಣೆದುರಿಗೇ ಅವನು ಬಂದೂಕದಿಂದ ತನ್ನ ಜೀವವನ್ನು ಕೊನೆಗಾಣಿಸಿಕೊಳ್ಳುತ್ತಾನೆ.

ಈ ಪಾತ್ರದಲ್ಲಿ ನಟನಿಗೆ ಆಡಲು ಮಾತೇ ಇಲ್ಲವೆನ್ನಬೇಕು. ಧಾರಾವಾಹಿಯ ನಟನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ. ತಂದೆಯ ಸ್ವೆಟರನ್ನು ಹೊದ್ದು ಅದರ ವಾಸನೆಯಲ್ಲಿ ಮುಖ ಹುದುಗಿಸುವ ಶುಟು ಅಳುವುದನ್ನು ನಾವು ನಿರೀಕ್ಷಿಸುತ್ತೇವೆ. ಮಾಸ್ಸಿಯವರು ಆ ಕ್ಷಣವನ್ನು ಒಂದು ಉಸಿರಿನಲ್ಲಿಯೇ ಮುಗಿಸಿಬಿಡುತ್ತಾರೆ. ಇತರರು ನಕ್ಕಾಗ ತಾನೂ ನಗುತ್ತಾನೆ, ಆದರೆ ಒಂದು ಗಳಿಗೆ ತಡವಾಗಿ. ಆ ತಡವಾದ ನಗುವೇ ಪಾತ್ರದ ಬೀಗದ ಕೈ. ನಗುವವರೊಡನೆ ಸೇರಬೇಕೆಂಬ ಆಸೆ, ನಗುತ್ತಿರುವುದು ತನ್ನನ್ನೇ ಕುರಿತು ಎಂಬ ಅರಿವು, ಎರಡೂ ಅದರಲ್ಲಿ ಇವೆ. ಕೋಣೆಯೊಳಕ್ಕೆ ಬರುವಾಗ ತನಗೆ ಅಲ್ಲಿ ಸ್ಥಳವಿದೆಯೇ ಎಂದು ಕೇಳುವಂಥ ನಡಿಗೆ, ಒಳಕ್ಕೆ ಬಾಗಿದ ಭುಜಗಳು. ಬಲವಾದ ನಟರೇ ತುಂಬಿದ ಚಿತ್ರವಿದು. ನಮ್ಮ ಬೆಂಗಳೂರಿನವರಾದ ಗುಲ್ಶನ್ ದೇವಯ್ಯ ಅವರೂ ಇದ್ದಾರೆ. ಅವರೆಲ್ಲರ ನಡುವೆ ತನ್ನನ್ನು ಕಾಣದಂತೆ ಮಾಡಿಕೊಳ್ಳುವುದೇ ಇಲ್ಲಿ ಮಾಸ್ಸಿಯವರ ಅಭಿನಯ. ಮನೆಯವರೊಡನೆ ನಾವೂ ಅವನನ್ನು ಗಮನಿಸುವುದನ್ನು ಬಿಟ್ಟಿರುತ್ತೇವೆ. ಬಂದೂಕದ ಸದ್ದು ಕೇಳಿದಾಗ ಪ್ರೇಕ್ಷಕನೂ ಅಪರಾಧಿಯಾಗುವುದು ಹೀಗೆ.

ಇನ್ನು ‘ಟ್ವೆಲ್ತ್ ಫೇಲ್’. ವಿಧು ವಿನೋದ್ ಚೋಪ್ರಾ ನಿರ್ದೇಶಿಸಿದ ಈ ಚಿತ್ರ 2023ರ ಅಕ್ಟೋಬರ್ 27ರಂದು ತೆರೆಕಂಡಿತು. ಐ.ಪಿ.ಎಸ್. ಅಧಿಕಾರಿ ಮನೋಜ್ ಕುಮಾರ್ ಶರ್ಮಾ ಅವರ ಜೀವನವನ್ನು ಕುರಿತು ಅನುರಾಗ್ ಪಾಠಕ್ ಬರೆದ ಪುಸ್ತಕ ಇದಕ್ಕೆ ಆಧಾರ. ಚಂಬಲ್ ಪ್ರದೇಶದ ಹಳ್ಳಿಯ ಶಾಲೆ. ಅಲ್ಲಿ ಗುರುಗಳೇ ನಿಂತು ನಕಲು ಮಾಡಿಸುತ್ತಾರೆ. ಪ್ರಾಮಾಣಿಕನಾದ ಪೋಲೀಸ್ ಅಧಿಕಾರಿಯೊಬ್ಬ ಬಂದು ಅದನ್ನು ತಡೆಯುತ್ತಾನೆ. ಮನೋಜನೂ ಅವನ ಸಹಪಾಠಿಗಳೂ ನಪಾಸಾಗುತ್ತಾರೆ. ಮರುವರ್ಷ ನಕಲಿಲ್ಲದೆ ಬರೆದು ಮೂರನೆಯ ದರ್ಜೆಯಲ್ಲಿ ಪಾಸಾದ ಹುಡುಗ, ಅಜ್ಜಿ ಕೊಟ್ಟ ಹಣವಿದ್ದ ಚೀಲವನ್ನು ದಾರಿಯಲ್ಲಿ ಕಳೆದುಕೊಂಡು, ಪ್ರೀತಮ್ ಎಂಬ ಗೆಳೆಯನ ನೆರವಿನಿಂದ ದೆಹಲಿಯ ಮುಖರ್ಜಿ ನಗರವನ್ನು ಸೇರುತ್ತಾನೆ. ಶೌಚಾಲಯ ತೊಳೆಯುತ್ತಾನೆ, ಗ್ರಂಥಾಲಯದಲ್ಲಿ ಧೂಳು ಒರಸುತ್ತಾನೆ, ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಾನೆ, ಉಳಿದ ಹೊತ್ತಿನಲ್ಲಿ ಓದುತ್ತಾನೆ.

ಗಿರಣಿಯ ದೃಶ್ಯಗಳು ಚಿತ್ರದ ಹೃದಯಭಾಗ. ಕಿಟಕಿಯಿಲ್ಲದ ಸಣ್ಣ ಕೋಣೆ, ಕಿವಿ ಕಿವುಡಾಗುವಂಥ ಯಂತ್ರದ ಸದ್ದು, ಕೂದಲು ಹುಬ್ಬುಗಳ ಮೇಲೆಲ್ಲ ಹಿಟ್ಟು. ಹೋರಾಟದಲ್ಲಿ ದಣಿದ ತಂದೆ ಮಗನನ್ನು ಕಾಣಲು ಅಲ್ಲಿಗೆ ಬಂದಾಗ, ಬೇರೊಬ್ಬ ನಟನಾಗಿದ್ದರೆ ಕಷ್ಟವನ್ನು ಕಷ್ಟವೆಂದು ತೋರಿಸುತ್ತಿದ್ದ. ಮಾಸ್ಸಿಯವರು ಅದನ್ನು ದಿನಚರಿಯೆಂಬಂತೆ ತೋರಿಸುತ್ತಾರೆ. ಮನೋಜನಿಗೆ ತನ್ನ ಮೇಲೆ ಕನಿಕರಪಡಲು ಪುರುಸೊತ್ತಿಲ್ಲ. ಧಾರಾವಾಹಿ ಕೊಟ್ಟ ವಿದ್ಯೆ ಇಲ್ಲಿ ಫಲಿಸಿದೆಯೆಂದು ನಮಗೆ ತೋರುತ್ತದೆ. ವರ್ಷಗಟ್ಟಲೆ ಪ್ರತಿದಿನ ಬೆಳಿಗ್ಗೆ ಎದ್ದು ಒಂದೇ ಬಟ್ಟೆ ತೊಟ್ಟು ಒಂದೇ ಮನುಷ್ಯನಾಗಿ ದುಡಿದವನಿಗೆ ಮಾತ್ರ ದಿನನಿತ್ಯದ ದುಡಿಮೆಯ ಏಕತಾನ ಗೊತ್ತು. ಅದನ್ನು ವೀರರಸವನ್ನಾಗಿ ಮಾಡಬಾರದೆಂಬುದೂ ಗೊತ್ತು. ಭಾವವನ್ನು ಮೂರು ಸಲ ಹೇಳುವ ಅಭ್ಯಾಸವನ್ನು ಮಾಸ್ಸಿ ಬಿಟ್ಟುಬಂದರು. ನಿತ್ಯದ ಕಾಯಕದ ಅಭ್ಯಾಸವನ್ನು ಹೊತ್ತುತಂದರು. ಮೂವತ್ತಾರರ ನಟ ಹದಿಹರೆಯದ ಹಳ್ಳಿಯ ಹುಡುಗನೆಂದು ನಾವು ನಂಬುವುದು ಬಣ್ಣದಿಂದಲ್ಲ, ಬೆರಗಿನಿಂದ: ನಗರದಲ್ಲಿ ಪ್ರತಿಯೊಂದನ್ನೂ ಮೊದಲ ಸಲ ನೋಡುತ್ತಿರುವ ಆ ಕಣ್ಣುಗಳಿಂದ.

ಇನ್ನೊಂದು ಪ್ರಸಂಗವನ್ನು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮರೆಯಲಾರರು. ಪ್ರವಾಸೋದ್ಯಮವನ್ನು ಕುರಿತು ಪ್ರಬಂಧ ಬರೆಯಬೇಕಾದಲ್ಲಿ ಮನೋಜ, ಇಂಗ್ಲಿಷಿನ ‘ಟೂರಿಸಂ’ ಎಂಬ ಪದವನ್ನು ‘ಟೆರರಿಸಂ’ ಎಂದು ಓದಿಕೊಂಡು, ಭಯೋತ್ಪಾದನೆಯನ್ನು ಕುರಿತು ಬರೆದು ಬರುತ್ತಾನೆ. ಒಂದು ಪದದ ತಪ್ಪಿಗೆ ಒಂದು ವರ್ಷದ ಬದುಕು. ನೋಡುವವರಿಗೆ ನಗು ಬರುತ್ತದೆ, ಮರುಕ್ಷಣವೇ ಗಂಟಲು ಕಟ್ಟುತ್ತದೆ. ಅವನ ತಿಳಿವಳಿಕೆ ಕಡಿಮೆಯದಲ್ಲ. ಅದು ಅವನ ಭಾಷೆಯಲ್ಲಿದೆ, ಪ್ರಶ್ನೆ ಬೇರೆ ಭಾಷೆಯಲ್ಲಿದೆ.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಸಂಗೀತ ಕೆಲವೆಡೆ ನಮ್ಮ ಕಣ್ಣೀರನ್ನು ಬಲವಂತವಾಗಿ ಕೇಳುತ್ತದೆ. ಸಂದರ್ಶನದ ದೃಶ್ಯದಲ್ಲಿ ಪ್ರಶ್ನೆ ಕೇಳುವವರು ಪ್ರಾಮಾಣಿಕತೆಯನ್ನು ಪರೀಕ್ಷಿಸುವುದಕ್ಕೆಂದೇ ಕುಳಿತ ಬೊಂಬೆಗಳಾಗುತ್ತಾರೆ. ವಿಚಿತ್ರವೆಂದರೆ, ಇಂಥ ಕಡೆಗಳಲ್ಲಿ ಧಾರಾವಾಹಿಯ ರೀತಿಗೆ ಇಳಿಯುವುದು ಚಿತ್ರವೇ ಹೊರತು ಧಾರಾವಾಹಿಯಿಂದ ಬಂದ ನಟನಲ್ಲ. ಇದಕ್ಕಿಂತ ಗುರುತರವಾದ ದೋಷ ಚಿತ್ರದ ತಾತ್ಪರ್ಯದಲ್ಲಿದೆ. ಛಲ ಬಿಡದೆ ಪ್ರಯತ್ನಿಸಿದವನು ಗೆದ್ದೇ ಗೆಲ್ಲುತ್ತಾನೆಂಬ ಭರವಸೆಯನ್ನು ಅದು ಕೊಡುತ್ತದೆ. 2023ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಅಂತಿಮವಾಗಿ ಆಯ್ಕೆಯಾದವರು 1016 ಮಂದಿ. ಪ್ರತಿವರ್ಷ ಬರೆಯುವವರು ಲಕ್ಷಗಟ್ಟಲೆ. ಉಳಿದವರೆಲ್ಲ ಛಲವಿಲ್ಲದವರೆಂದು ಹೇಳಲು ಯಾರಿಗೆ ಅಧಿಕಾರವಿದೆ?

ಈ ಚಿತ್ರವನ್ನು ನಾವು ಪ್ರಸಾದನಿಲಯದ ವಿದ್ಯಾರ್ಥಿಗಳೊಡನೆ ಕುಳಿತು ನೋಡಿದೆವು. ಪರೀಕ್ಷೆಯ ಫಲಿತಾಂಶ ತಿಳಿದ ಮನೋಜ ನೆಲಕ್ಕೆ ಕುಸಿದು ಅಳುವ ಕೊನೆಯ ದೃಶ್ಯದಲ್ಲಿ ಹುಡುಗರೆಲ್ಲರೂ ಚಪ್ಪಾಳೆ ತಟ್ಟಿದರು. ದೀಪ ಹೊತ್ತಿದ ಮೇಲೆ, ಹಿಂದಿನ ವರ್ಷ ಪದವಿಪೂರ್ವ ಪರೀಕ್ಷೆಯಲ್ಲಿ ನಪಾಸಾಗಿ ಮತ್ತೆ ಕಟ್ಟಿದ್ದ ಹುಡುಗನೊಬ್ಬ ಹತ್ತಿರ ಬಂದು, “ಬುದ್ಧೀ, ಕೊನೇ ಸಲಾನೂ ಅವನು ಪಾಸಾಗದೇ ಹೋಗಿದ್ದರೆ ಈ ಸಿನಿಮಾ ಮಾಡ್ತಿದ್ದರಾ?” ಎಂದು ಕೇಳಿದ. ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ರಾತ್ರಿ ಮಲಗಿದಾಗ ಶುಟುವಿನ ನೆನಪಾಯಿತು. ಆ ಸಿನಿಮಾವನ್ನು ಅದಕ್ಕೆ ಮೊದಲೇ ಮಾಡಿದ್ದರು. ಅದೇ ನಟ ಅದರಲ್ಲಿ ಅಭಿನಯಿಸಿದ್ದರು.

ಶುಟುವನ್ನೂ ಮನೋಜನನ್ನೂ ಒಟ್ಟಿಗೆ ನೋಡಿದಾಗ ಮಾಸ್ಸಿಯವರ ಸಾಧನೆಯ ನಿಜವಾದ ಅಳತೆ ದೊರೆಯುತ್ತದೆ. ಇಬ್ಬರದೂ ಅದೇ ಒಳಕ್ಕೆ ಬಾಗಿದ ಭುಜ, ಅದೇ ಸಂಕೋಚದ ನಗು. ಇಬ್ಬರೂ ಪರೀಕ್ಷೆಯಲ್ಲಿ ಎಡವಿದವರು. ವ್ಯತ್ಯಾಸವಿರುವುದು ಅವರ ಯೋಗ್ಯತೆಯಲ್ಲಲ್ಲ, ಅವರ ಸುತ್ತಲಿನವರಲ್ಲಿ. ಬಡವನಾದ ಮನೋಜನಿಗೆ ಪಿಂಚಣಿಯ ಗಂಟನ್ನು ಬಿಚ್ಚಿಕೊಡುವ ಅಜ್ಜಿಯಿದ್ದಾಳೆ, ಗುರುತಿಲ್ಲದವನನ್ನು ಕೈಹಿಡಿದು ರೈಲು ಹತ್ತಿಸುವ ಪ್ರೀತಮನಿದ್ದಾನೆ, ಸೋತರೂ ಜೊತೆಯಲ್ಲಿಯೇ ನಿಲ್ಲುವ ಶ್ರದ್ಧೆಯಿದ್ದಾಳೆ. ಗೌರಿ ಎಂಬ ಹಿರಿಯ ಗೆಳೆಯನಿದ್ದಾನೆ. ತನ್ನ ಅವಕಾಶಗಳೆಲ್ಲ ಮುಗಿದು ತಾನು ಸೋತ ಮೇಲೆ ‘ರೀಸ್ಟಾರ್ಟ್’ ಎಂಬ ಹೆಸರಿನ ಚಹದಂಗಡಿ ತೆರೆದು, ಇತರರು ಮತ್ತೆ ಮೊದಲಿನಿಂದ ತೊಡಗುವಂತೆ ದಾರಿ ಹೇಳುತ್ತಾನೆ. ಉಂಡು ಉಡಲು ಕೊರತೆಯಿಲ್ಲದ ಶುಟುವಿಗೆ ಮನೆ ತುಂಬ ಜನರಿದ್ದಾರೆ, ಆದರೆ ಅವನನ್ನು ಕೇಳುವವರಿಲ್ಲ. ಅನ್ನವನ್ನು ಇಕ್ಕುವುದಷ್ಟೇ ದಾಸೋಹವಲ್ಲ, ಎದುರಿಗಿರುವವನನ್ನು ಗಮನಿಸುವುದೂ ದಾಸೋಹವೆಂದು ಈ ಎರಡು ಪಾತ್ರಗಳು ಒಟ್ಟಾಗಿ ಹೇಳುತ್ತವೆ. ಸೋತೂ ಚಹದಂಗಡಿಯಿಂದ ಪರರಿಗೆ ಬೆಳಕಾದ ಗೌರಿಯೇ ಚಿತ್ರದ ನಿಜವಾದ ಶರಣನೆಂದರೆ ತಪ್ಪಾಗದು.

ಇಷ್ಟು ಪ್ರೀತಿ ಸಂಪಾದಿಸಿದ ಮುಖವನ್ನು ನಟ ಹಾಗೆಯೇ ಕಾಪಾಡಿಕೊಳ್ಳಬಹುದಿತ್ತು. ಮಾಸ್ಸಿಯವರು ಹಾಗೆ ಮಾಡಲಿಲ್ಲ. 2024ರ ‘ಸೆಕ್ಟರ್ 36’ ಚಿತ್ರದಲ್ಲಿ ಅವರು ಮಕ್ಕಳನ್ನು ಕೊಲ್ಲುವ ಕ್ರೂರಿಯಾದರು. ನಿಠಾರಿಯ ಘೋರ ಪ್ರಕರಣದಿಂದ ಪ್ರೇರಿತವಾದ ಆ ಚಿತ್ರವನ್ನು ಎಳೆಯರಿಗೆ ತೋರಿಸಲಾಗದು. ಅಲ್ಲಿಯೂ ನಮ್ಮನ್ನು ನಡುಗಿಸುವುದು ಅಬ್ಬರವಲ್ಲ, ಮನೆಗೆಲಸದ ಆಳೊಬ್ಬನ ಸಾಧಾರಣ ಮುಖ. ಒಳ್ಳೆಯವನೆಂಬ ಹೆಸರಿಗೂ ಅಂಟಿಕೊಳ್ಳದಿರುವುದು ಬಹುರೂಪಿಯ ನಿಯಮ. ರೂಪವನ್ನು ಧರಿಸುವುದಕ್ಕಿಂತ ಧರಿಸಿದ ರೂಪವನ್ನು ಇಳಿಸುವುದೇ ಕಷ್ಟವೆಂಬುದು ಆ ಕಾಯಕದವರಿಗೆ ಗೊತ್ತು.

ನಟನ ಕಲೆಯನ್ನು ನಮ್ಮ ಮಠಗಳು ದೂರವಿಟ್ಟಿಲ್ಲ. ಏಣಗಿ ಬಾಳಪ್ಪನವರು ಬಸವಣ್ಣನವರ ಪಾತ್ರದಿಂದ ಜನಮನದಲ್ಲಿ ನೆಲೆಸಿದರು. ಸಾಣೇಹಳ್ಳಿಯ ಶಿವಸಂಚಾರ ವರ್ಷವರ್ಷವೂ ಊರೂರಿಗೆ ನಾಟಕಗಳನ್ನು ಒಯ್ಯುತ್ತಿದೆ. ಆ ಗೌರವವನ್ನು ಸಂಜೆಯ ಧಾರಾವಾಹಿಯಲ್ಲಿ ದುಡಿಯುವ ನಟನಟಿಯರಿಗೂ ಸಲ್ಲಿಸಬೇಕು. ಅವರು ಇಂದು ಆಡುತ್ತಿರುವುದನ್ನೆಲ್ಲ ಹೊಗಳಬೇಕೆಂದಲ್ಲ; ಅವರೊಳಗೆ ಇರಬಹುದಾದ ಶುಟುವನ್ನೋ ಮನೋಜನನ್ನೋ ನಮ್ಮ ತಾತ್ಸಾರದಿಂದ ಹೂಳಬಾರದೆಂದು ಮಾತ್ರ. ಮಾಸ್ಸಿಯವರು ಧಾರಾವಾಹಿಯಿಂದ ಬಂದರೂ ದೊಡ್ಡ ನಟರಾದರೆನ್ನುವುದು ಸರಿಯಲ್ಲ. ಅಲ್ಲಿ ಮಾಡಿದ ಕಾಯಕವನ್ನು ಕೀಳೆನ್ನದೆ, ಅಲ್ಲಿ ಅಂಟಿದ ಅಭ್ಯಾಸವನ್ನು ಮಾತ್ರ ತೊಳೆದುಕೊಂಡು ದೊಡ್ಡ ನಟರಾದರೆನ್ನಬೇಕು.

ಆ ಹುಡುಗನಿಗೆ ನಾವು ಮರುದಿನ ಶುಟುವಿನ ಕಥೆಯನ್ನು ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, “ಅವನ ಹತ್ತಿರ ಯಾರಾದರೂ ಒಬ್ಬರು ಕೂತಿದ್ದರೆ ಸಾಕಿತ್ತು” ಎಂದ.